ಗುಂಡಿ ಕತ್ತರಿಸಿದ ಬೇಸಿಗೆ

ಅಮೆರಿಕದ ಪೊವೇ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಮನೆಗಳೆಲ್ಲ ಶನಿವಾರ ಮಧ್ಯಾಹ್ನ ಈಜುಕೊಳದ ಸುತ್ತ ಡಬ್ಬಿ ಬಿಚ್ಚುತ್ತಿದ್ದ ಕಾಲ ಅದು. ಕ್ಲೋರಿನ್, ಸನ್‌ಸ್ಕ್ರೀನ್, ಇಂಗಿನ ಒಗ್ಗರಣೆ. ಈ ಮೂರು ವಾಸನೆ ಒಟ್ಟಿಗೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಮೊನ್ನೆಮೊನ್ನೆಯವರೆಗೂ ಸಿಟ್ಟು ಬರುತ್ತಿತ್ತು.

ಕಾರಣ ರೋಹನ್. ನನಗಿಂತ ಎರಡು ವರ್ಷ ದೊಡ್ಡವನು, ಎರಡು ಪಟ್ಟು ಗಟ್ಟಿಗ. ನಾನೇನೂ ಸಾಧುವಲ್ಲ. ಎಲ್ಲರನ್ನೂ ಅಣಕಿಸುವುದೇ ನನ್ನ ಉದ್ಯೋಗ: ಆಫೀಸ್ ಫೋನಿಗೆಂದೇ ಅಪ್ಪ ಇಟ್ಟುಕೊಂಡಿದ್ದ ಅಮೆರಿಕನ್ ಗಂಟಲು, ಸೇಲ್ ಬೋರ್ಡ್ ಕಂಡಾಗ ಅಮ್ಮ ಬಿಡುವ ಉಸಿರು, ತಟ್ಟೆ ಕಂಡರೆ ನನಗಿಂತ ಮುಂದೆ ಹೋಗುವ ನನ್ನದೇ ಹೊಟ್ಟೆ. ಬೇಸಿಗೆ ಶುರುವಿನ ಒಂದು ಶನಿವಾರ, ಹುಡುಗಿಯರ ಮುಂದೆ ರೋಹನ್ ಕೂದಲು ಸರಿಮಾಡಿಕೊಳ್ಳುವುದನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅವನು ಹಿಂದಿನಿಂದ ಓಡಿ ಬಂದು, ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಬುಡಕಟ್ಟಿನ ಹಳೇ ನಾಯಕನೊಬ್ಬನ ಹೆಸರು ಕೂಗಿ, ನನ್ನನ್ನು ನೀರಿಗೆ ತಳ್ಳಿದ.

ಆ ಹೆಸರು ನೀವೂ ಸಿನಿಮಾದಲ್ಲಿ ಕೇಳಿರಬಹುದು. ಅಮೆರಿಕದ ಮಕ್ಕಳು ಎತ್ತರದಿಂದ ಹಾರುವಾಗ ಕೂಗುವುದು ಅದನ್ನೇ. ಇಲ್ಲಿ ಬರೆಯುವುದಿಲ್ಲ, ಓದುತ್ತಿರುವವರಲ್ಲಿ ಯಾರಾದರೂ ಕುರ್ಚಿಯಿಂದ ಹಾರಿಬಿಟ್ಟರೆ ಕಷ್ಟ.

ನನ್ನ ಕೈಯಲ್ಲಿ ತಟ್ಟೆ ತುಂಬ ಪುಳಿಯೋಗರೆ ಇತ್ತು. ಅನ್ನ ತಳ ಸೇರಿತು. ಎಣ್ಣೆ, ಕರಿಬೇವು ಮತ್ತು ನಾನು ತೇಲಿದೆವು. ಕೊಳ ನೋಡಿಕೊಳ್ಳುವವನು ಬಂದು ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕಿದ.

"ತಟ್ಟೆ ಹಿಡ್ಕೊಂಡು ಅಂಚಲ್ಲಿ ಯಾಕೋ ನಿಂತಿದ್ದೆ?" ಎಂದು ನನಗೇ ಬೈದ ಅಮ್ಮ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅಮ್ಮನೂ!

ಅಂದಿನಿಂದ ನನ್ನ ಹೆಸರೇ ಪುಳಿಯೋಗರೆ. ನಾನು ಅಣಕ ಮಾಡಲು ಬಾಯಿ ತೆರೆಯುವ ಮೊದಲೇ ನಗು ಶುರುವಾಗುತ್ತಿತ್ತು, ಅದೂ ನನ್ನ ಮೇಲೆ. ಆ ಹೆಸರನ್ನು ಅಳಿಸಬೇಕು, ಅಳಿಸುವಾಗ ರೋಹನ್‌ಗೆ ಉರಿಯಬೇಕು ಎಂದು ನಿಶ್ಚಯಿಸಿದೆ.

ಶಾಲೆಯ ಲೈಬ್ರರಿಯಲ್ಲಿ ಆ ನಾಯಕನ ಪುಸ್ತಕ ಸಿಕ್ಕಿತು. ಅವನು ನೀರಿಗೆ ಹಾರಿದ ಸುದ್ದಿಯೇ ಅದರಲ್ಲಿರಲಿಲ್ಲ. ಗಂಡಸರಿಲ್ಲದ ಹೊತ್ತು ನೋಡಿ ಸೈನಿಕರು ಅವನ ತಾಯಿ, ಹೆಂಡತಿ, ಮಕ್ಕಳನ್ನು ಕೊಂದಿದ್ದರು. ಆಮೇಲೆ ಅವನು ಬೆಟ್ಟದಿಂದ ಬೆಟ್ಟಕ್ಕೆ ಮಾಯವಾಗುತ್ತ, ಬೆರಳೆಣಿಕೆಯ ಜನರನ್ನಿಟ್ಟುಕೊಂಡು ದೊಡ್ಡ ದೊಡ್ಡ ಸೈನ್ಯಗಳನ್ನು ವರ್ಷಗಟ್ಟಲೆ ಅಲೆಸಿದ. ಶರಣಾದ ಮೇಲೆ ಸಾಯುವವರೆಗೂ ಸೆರೆ. ಸೆರೆಯಾಳನ್ನೇ ಮೇಳಗಳಲ್ಲಿ ನಿಲ್ಲಿಸಿ ತೋರಿಸಿದರು. ಜನ ಅವನ ಕೋಟಿನ ಗುಂಡಿ ಕೊಳ್ಳಲು ಮುಗಿಬೀಳುತ್ತಿದ್ದರಂತೆ. ಅವನು ಕಿತ್ತು ಮಾರಿ, ಮುಂದಿನ ಗುಂಪು ಬರುವಷ್ಟರಲ್ಲಿ ಬೇರೆ ಹೊಲಿದುಕೊಳ್ಳುತ್ತಿದ್ದನಂತೆ. ಅವನನ್ನು ಬೆನ್ನಟ್ಟಿದ ಅಮೆರಿಕದ ಸೈನ್ಯದ ಮುಂದಿನ ತಲೆಮಾರಿನವರೇ ವಿಮಾನದಿಂದ ಧುಮುಕುವಾಗ ಅವನ ಹೆಸರು ಕೂಗಿದರು. ಬೆಂಗಳೂರಿನಲ್ಲಿ ನಮ್ಮ ಮಾವನ ಮಗನ ಬೈಕಿಗೂ ಅವನ ಬುಡಕಟ್ಟಿನದೇ ಹೆಸರು. ಹೆಸರು ಎಲ್ಲರಿಗೂ ಬೇಕು, ಆ ಮನುಷ್ಯ ಯಾರಿಗೂ ಬೇಡ.

ಗುಂಡಿಯ ವಿಷಯ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ರೋಹನ್ ಈಜುವಾಗ ಅವನ ಅಂಗಿ ಕುರ್ಚಿಯ ಮೇಲಿರುತ್ತಿತ್ತು. ಕಣಗಿಲೆ ಪೊದೆಯ ಹಿಂದಿನಿಂದ ಹೊಟ್ಟೆಯ ಮೇಲೆ ತೆವಳಿ ಬರುತ್ತಿದ್ದೆ. ಹೊಟ್ಟೆಗೆ ನನ್ನಲ್ಲಿ ಕೊರತೆಯಿರಲಿಲ್ಲ. ಕ್ರಾಫ್ಟ್ ಕ್ಲಾಸಿನ ಮೊಂಡು ಕತ್ತರಿಯಿಂದ ಶನಿವಾರಕ್ಕೊಂದು ಗುಂಡಿ. ಅವನ ತಾಯಿ ವಿದ್ಯಾ ಆಂಟಿ ಧಾರವಾಡದವರು. ಅವರ ದನಿ ಕೊಳದ ಆಚೆ ದಡಕ್ಕೂ ಕೇಳುತ್ತಿತ್ತು.

"ಏನೋ ಇದು, ವಾರಕ್ಕೊಂದು ಗುಂಡಿ ನುಂಗ್ತೀಯೇನು? ನಿನಗ ಅಂಗಿ ತಂದು ತಂದು ಸಾಕಾತು ನನಗ!"

"ಐ ಡೋಂಟ್ ನೋ, ಅಮ್ಮಾ!"

ಆ ಅಳುದನಿಯನ್ನು ಮನೆಯ ಕನ್ನಡಿ ಮುಂದೆ ಕಲಿತು ಇಟ್ಟುಕೊಂಡೆ.

ನವೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಮಕ್ಕಳ ವೇಷಭೂಷಣ ಸ್ಪರ್ಧೆ ಇಟ್ಟರು. ವೇಷ ಯಾವುದಾದರೂ ಸರಿ, ಮಾತು ಕನ್ನಡದಲ್ಲಿ. ರೋಹನ್ ಪಾರ್ಟಿ ಅಂಗಡಿಯ ಬಣ್ಣದ ಗರಿ ಕಟ್ಟಿಕೊಂಡು, "ನಾನು ಅಪಾಚೆ ನಾಯಕ" ಎಂದು, ಹೆಸರು ಕೂಗಿ ವೇದಿಕೆಯಿಂದ ಹಾರಿದ. ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ನಾನು ಹತ್ತಿದೆ. ಅಪ್ಪನ ಹಳೇ ಕೋಟು, ತಲೆಗೆ ಪುಸ್ತಕದ ಫೋಟೋದಲ್ಲಿದ್ದಂತೆ ಬರೀ ಬಟ್ಟೆಪಟ್ಟಿ. "ಮೊದಲು ಹಾರಿದವನು ಸುಳ್ಳು ನಾಯಕ. ನಿಜವಾದವನು ನಾನು. ನನ್ನ ಮನೆಯವರನ್ನು ಕೊಂದರು, ನನ್ನ ಬೆಟ್ಟ ಕಿತ್ತುಕೊಂಡರು, ಈಗ ನನ್ನ ಹೆಸರು ಕೂಗಿ ಹಾರ್ತಾರೆ. ಹಾರ್ಲಿ, ಅದು ಪುಕ್ಕಟೆ. ಗುಂಡಿ ಬೇಕಾ ಗುಂಡಿ?"

ಕೋಟು ಬಿಚ್ಚಿ ಹಿಡಿದೆ. ಒಳಗೆ ನೀಲಿ, ಬಿಳಿ, ತೆಂಗಿನ ಚಿಪ್ಪಿನವು, ಸಾಲಾಗಿ ಹೊಲಿದಿದ್ದೆ. ಮುಂದಿನ ಸಾಲಿನಲ್ಲಿ ವಿದ್ಯಾ ಆಂಟಿ ಎದ್ದು ನಿಂತರು.

"ಅಯ್ಯ! ಆ ನೀಲಿ ಗುಂಡಿ ನಮ್ಮ ರೋಹನ್ ಅಂಗೀದಲ್ಲ?"

"ಐ ಡೋಂಟ್ ನೋ, ಅಮ್ಮಾ!" ಎಂದೆ, ರೋಹನ್ ದನಿಯಲ್ಲಿ.

ಹಾಲ್ ಬಿದ್ದು ಬಿದ್ದು ನಕ್ಕಿತು. ರೋಹನ್ ಮುಖ ಕೆಂಪಾಯಿತು, ಗರಿ ಕಿತ್ತು ಎಸೆದ, ಗಾಬರಿಯಲ್ಲಿ ಕೈ ಕೂದಲಿಗೆ ಹೋಯಿತು. ನಾನು ಕರುಣೆ ತೋರಲಿಲ್ಲ. ನಾನೂ ಕೂದಲು ಸರಿಮಾಡಿಕೊಂಡೆ.

ಬಹುಮಾನ ಟೊಮೇಟೊ ವೇಷದ ಒಂದು ಮಗುವಿಗೆ ಹೋಯಿತು. ಎಲ್ಲ ಗುಂಡಿ ವಾಪಸ್ ಹೊಲಿದುಕೊಡುವ ಶಿಕ್ಷೆ ನನಗಾಯಿತು. ಆಗಲಿ. ಮುಂದಿನ ಶನಿವಾರ ರೋಹನ್ ಟೀ ಶರ್ಟ್ ಹಾಕಿ ಬಂದ, ಪುಳಿಯೋಗರೆ ಎಂದು ಯಾರೂ ಕರೆಯಲಿಲ್ಲ. ಹೊಸ ಹೆಸರು ಕತ್ತರಿ.

ಆಮೇಲೆ ರೋಹನ್ ಮನೆಯವರು ಟೊರೆನ್ಸ್ ಎಂಬ ಊರಿಗೆ ಮನೆ ಬದಲಿಸಿದರು. ಶನಿವಾರದ ಡಬ್ಬಿಗಳೂ ಒಂದೊಂದಾಗಿ ನಿಂತವು. ಮೊನ್ನೆ ರೋಹನ್ ಗ್ರಾಜುಯೇಷನ್ ಪಾರ್ಟಿಗೆ ಹೋಗಿದ್ದೆ. ಹಿತ್ತಲ ಕೊಳಕ್ಕೆ ಯಾರದೋ ಮಕ್ಕಳು ಅದೇ ಹೆಸರು ಕೂಗಿ ಹಾರುತ್ತಿದ್ದರು, ಯಾರ ಹೆಸರೆಂದು ಗೊತ್ತಿಲ್ಲದೆ. ಹೊಸ ಅಂಗಿಯಲ್ಲಿದ್ದ ರೋಹನ್ ನನ್ನನ್ನು ಕಂಡದ್ದೇ ಎರಡೂ ಕೈಯಿಂದ ಎದೆಯ ಗುಂಡಿ ಮುಚ್ಚಿಕೊಂಡ.

"ಹತ್ರ ಬರ್ಬೇಡ ಕತ್ತರಿ!"

ಒಂದಿಡೀ ಬೇಸಿಗೆ ಆರದೆ ಉರಿದ ಆ ಸಿಟ್ಟನ್ನು ಹುಡುಕಿ ಜೇಬಿಗೆ ಕೈ ಹಾಕಿದೆ. ಕಾರಿನ ಕೀ ಸಿಕ್ಕಿತು, ಫೋನ್ ಸಿಕ್ಕಿತು.