ಗಂಗಕ್ಕನ ಹನ್ನೊಂದು ಕಾರ್ಡುಗಳು

ಮಕ್ತಲ್ ಬಸ್ ನಿಲ್ದಾಣದ ಎದುರಿಗೆ, ಹುಡುಗಿಯರ ಹಾಸ್ಟೆಲ್ಲಿಗೆ ತಿರುಗುವ ಸಂದಿಯಲ್ಲಿ ಮೊದಲ ಮನೆ ಗಂಗಾಂಬಿಕಾ ಅವರದು. ಹಾಸ್ಟೆಲ್ಲಿನ ನಾವೆಲ್ಲ ಅವರನ್ನು ಗಂಗಕ್ಕ ಎನ್ನುತ್ತಿದ್ದೆವು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವರ ಕೆಲಸ. ನಾರಾಯಣಪೇಟೆಯಿಂದಲೂ ಗದ್ವಾಲಿನಿಂದಲೂ ಅಂಗಡಿಯವರು ಸೀರೆಯ ಗಂಟು ತಂದು ಇಳಿಸಿ ಹೋಗುತ್ತಿದ್ದರು. ಗಂಗಕ್ಕ ಹೊಸ್ತಿಲ ಬಳಿ ಬೆಳಕಿಗೆ ಕುಳಿತು, ಸೆರಗಿನ ಬಿಡಿ ಎಳೆಗಳನ್ನು ಹೊಸೆದು ಗಂಟು ಹಾಕುತ್ತಿದ್ದರು. ಮುಗಿದ ಸೀರೆ ಯಾವುದೋ ಮದುವೆಗೆ ಹೋಗುತ್ತಿತ್ತು. ಯಾರ ಮದುವೆ ಎಂದು ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ.

ಅವರ ಗಂಡ ಭೀಮಶಂಕರ್ ಎದುರಿನ ನಿಲ್ದಾಣದಲ್ಲೇ ಕಂಟ್ರೋಲರ್ ಆಗಿದ್ದರು. ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಕೂಗುವವರು. ಅಡುಗೆ ಮಾಡುತ್ತಲೇ ಗಂಡನ ದನಿ ಕೇಳುತ್ತ ಗಂಗಕ್ಕನಿಗೆ ಎಲ್ಲ ಬಸ್ಸುಗಳ ವೇಳೆಯೂ ಬಾಯಿಪಾಠವಾಗಿತ್ತು. ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಆ ವೇಳೆಗಳಷ್ಟೇ.

ಗಂಡನ ಪಿಂಚಣಿ ಬ್ಯಾಂಕಿಗೆ ಬರುತ್ತಿತ್ತು. ಮೊದಲ ವರ್ಷವೆಲ್ಲ ಮೈದುನ ಸುರೇಂದರ್ ಕಾರ್ಡು ಒಯ್ದು ಹಣ ತೆಗೆದು ತಂದುಕೊಡುತ್ತಿದ್ದ. ಒಂದು ರೂಪಾಯಿಯೂ ಹೆಚ್ಚುಕಡಿಮೆ ಮಾಡಿದವನಲ್ಲ. ಆದರೆ ಪ್ರತಿ ಸಲವೂ ಕೇಳುತ್ತಿದ್ದ, "ಈಗ ಯಾಕ ಬೇಕ್ರಿ ವೈನಿ?" ಸೋಪಿಗೆ, ಮಂಡಿನೋವಿನ ಎಣ್ಣೆಗೆ, ಒಂದು ಲಂಗಕ್ಕೆ ಎಂದು ಹೇಳಿ ಹೇಳಿ ಸಾಕಾಗಿ ಗಂಗಕ್ಕ ಒಂದು ದಿನ ಕಾರ್ಡು ವಾಪಸ್ ಇಸಿದುಕೊಂಡರು. ಮೂರು ದಿನ ಎಟಿಎಮ್ಮಿನ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದ ಕೂಡಲೇ ಹಿಂದಿರುಗಿದರು. ನಾಲ್ಕನೆಯ ದಿನ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋದರು. ಇನ್ನೂರು ರೂಪಾಯಿ ಹೊರಗೆ ಬಂತು. ಯಾಕೆಂದು ಯಾರೂ ಕೇಳಲಿಲ್ಲ. ಅದನ್ನು ನಮಗೆ ಹೇಳುವಾಗಲೆಲ್ಲ ಅವರು ನಗುತ್ತಿದ್ದರು.

ನಮ್ಮ ಹಾಸ್ಟೆಲ್ಲಿನಲ್ಲಿ ಪಿಯುಸಿಗೆ ಸಮನಾದ ಇಂಟರ್ ಓದುವವರೇ ಹೆಚ್ಚು. ತಂದೆತಾಯಿಗಳು ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಹೋದವರು. ಅಲ್ಲಿಂದ ಅವರು ಕಳಿಸುವ ಹಣ, ಇಲ್ಲಿಯ ಸ್ಕಾಲರ್‌ಶಿಪ್ಪು, ಎರಡೂ ಬರಲೆಂದು ಹದಿನಾರು ಹದಿನೇಳಕ್ಕೇ ನಮಗೆ ಖಾತೆ ಮಾಡಿಸಿ ಕಾರ್ಡು ಕೊಡಿಸಿದ್ದರು. ಒಡ್ಡೇಪಲ್ಲಿಯ ಕರುಣಾ ಎಟಿಎಮ್ಮಿನಲ್ಲಿ ಮೂರು ಸಲ ತಪ್ಪು ಪಿನ್ ನಂಬರು ಒತ್ತಿ, ಕಾರ್ಡು ಕೆಲಸ ಮಾಡದೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅಳುತ್ತ ಕುಳಿತಿದ್ದಳು. ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಅವಳ ಜೊತೆ ಬ್ಯಾಂಕಿಗೆ ನಡೆದರು. ಹೀಗೆ ಶುರುವಾಗಿ, ವರ್ಷ ತಿರುಗುವುದರೊಳಗೆ ಹಾಸ್ಟೆಲ್ಲಿನಲ್ಲಿ ಕಳೆದೀತೆಂದು ನಾವೇ ಕೊಟ್ಟ ಹನ್ನೊಂದು ಕಾರ್ಡು ಅವರ ಬಿಸ್ಕತ್ತಿನ ಡಬ್ಬಿಗೆ ಸೇರಿದವು. ಅವರಿಗೆ ಇಂಗ್ಲಿಷ್ ಓದಲು ಬಾರದು. ಪ್ರತಿ ಕಾರ್ಡಿಗೂ ಒಂದೊಂದು ಬಣ್ಣದ ರೇಷ್ಮೆ ಎಳೆ ಸುತ್ತಿದ್ದರು. ಕರುಣಾಳದು ಅರಿಶಿನ, ಮಾಗನೂರಿನ ಕಾವ್ಯಳದು ನೇರಳೆ, ನನ್ನದು ಗಿಳಿಹಸಿರು.

ನಂಬರನ್ನೂ ಅವರೇ ಹೊಂದಿಸಿಕೊಟ್ಟಿದ್ದರು. ಹುಡುಗಿಯರು ಮರೆಯಬಾರದು ಎಂದು, ಅವರವರ ಊರಿಗೆ ಹೋಗುವ ಕೊನೆಯ ಬಸ್ಸಿನ ವೇಳೆಯನ್ನೇ ಇಡಿಸಿದ್ದರು. ಮಾಗನೂರಿನ ಕೊನೆಯ ಬಸ್ಸು ಸಂಜೆ ಆರೂ ಇಪ್ಪತ್ತಕ್ಕೆ. ಕಾವ್ಯಳ ನಂಬರು ಸೊನ್ನೆ, ಆರು, ಎರಡು, ಸೊನ್ನೆ. ಊರನ್ನು ಮರೆಯದವರು ನಂಬರನ್ನು ಮರೆಯುವುದಿಲ್ಲ ಎಂಬುದು ಅವರ ಲೆಕ್ಕ.

ಕಾಲೇಜು ಬಿಟ್ಟ ಮೇಲೆ ಯಾರಾದರೊಬ್ಬರು ಅಲ್ಲಿರುತ್ತಿದ್ದೆವು.

"ಅಕ್ಕಾ, ನನ್ನ ಕಾರ್ಡ ಕೊಡ್ರಿ."

"ಯಾಕ ಬೇಕು?"

"ಮುನ್ನೂರು ಬೇಕಾಗೈತ್ರಿ. ರೆಕಾರ್ಡ ಪುಸ್ತಕ."

"ರೆಕಾರ್ಡ ಪುಸ್ತಕ ನೂರಾ ಇಪ್ಪತ್ತು. ಉಳಿದದ್ದು ಮಿರ್ಚಿ ಬಂಡಿಗೇನು?"

"ಅಕ್ಕಾ, ನೀವು ಪೊಲೀಸ್ ಆಗಬೇಕಿತ್ರಿ."

"ಆಗಿದ್ರ ಮೊದಲ ನಿನ್ನ ಹಿಡೀತಿದ್ದೆ. ಸಾವಿರ ಒಂದ ಸಲ ತೆಗೀಬ್ಯಾಡ. ನೋಟು ಕೈಯಾಗಿದ್ರ ಕೈ ಬಿಸಿಯಾಗ್ತೈತಿ. ಚೀಟಿ ತಗೊಂಡ್ ಬಾ, ಎಷ್ಟು ಉಳೀತು ನೋಡು. ಬ್ಯಾಂಕಿನಿಂದ ಅಂತ ಯಾರಾರ ಫೋನ್ ಮಾಡಿದ್ರ ಬಾಯಿ ಬಿಡಬ್ಯಾಡ."

ಹೀಗೆ ಬೈಸಿಕೊಳ್ಳುತ್ತ, ಅವರು ಹುರಿದ ಶೇಂಗಾ ತಿನ್ನುತ್ತ, ನಾವು ಹಣ ಉಳಿಸುವುದನ್ನು ಕಲಿತೆವು. ನಾವು ಕಾರ್ಡಿಗಾಗಿ ಬರುತ್ತಿದ್ದೆವು. ಅವರು ಮಾತ್ರ ನಾಲ್ಕು ಗಂಟೆಗೇ ಶೇಂಗಾ ಹುರಿದು ಇಟ್ಟಿರುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಉಳಿಸಿದವಳು ಕಾವ್ಯ. ನಾರಾಯಣಪೇಟೆಯಲ್ಲಿ ಡಿಗ್ರಿಗೆ ಸೇರಬೇಕೆಂದು ಎರಡು ವರ್ಷದಲ್ಲಿ ನಾಲ್ಕು ಸಾವಿರದ ಎಂಟುನೂರು ಕೂಡಿಸಿದ್ದಳು. ಫೀಸು ಕಟ್ಟಲು ಬುಧವಾರ ಕೊನೆಯ ದಿನ. ಹಿಂದಿನ ವಾರ ಊರಲ್ಲಿ ಸೋದರತ್ತೆಯ ಮಗಳ ಮದುವೆ ಇತ್ತು. ಊರಿಂದಲೇ ನೆಟ್ಟಗೆ ನಾರಾಯಣಪೇಟೆಗೆ ಹೋಗುತ್ತೇನೆಂದು ಅವಳು ಕಾರ್ಡು ಕೇಳಿದಳು. ಗಂಗಕ್ಕ ನೇರಳೆ ಎಳೆ ಬಿಗಿಯಾಗಿದೆಯೇ ಎಂದು ನೋಡಿ ಕೊಟ್ಟರು.

ಸೋಮವಾರ ಮಧ್ಯಾಹ್ನ ಕಾವ್ಯ ಮಕ್ತಲಿಗೇ ಬಂದಳು. ಬಾಗಿಲಲ್ಲಿ ನಿಂತು ಚೀಟಿ ಚಾಚಿದಳು. ಖಾತೆಯಲ್ಲಿ ನೂರು ರೂಪಾಯಿ ಉಳಿದಿತ್ತು.

"ಯಾರ ಕೈಗೆ ಕೊಟ್ಟಿದ್ದಿ?" ಗಂಗಕ್ಕ ಕೇಳಿದರು.

"ಯಾರಿಗೂ ಇಲ್ರಿ. ಚೀಲದಾಗಿತ್ತು. ಅಪ್ಪ ತೆಗದಾನ."

"ನಂಬರು?"

"ನಾ ಹೇಳಿಲ್ರಿ. ಖರೇನ ಹೇಳಿಲ್ಲ."

ಮದುವೆಗೆಂದು ಊರಿಗೆ ಬಂದಿದ್ದ ಅವಳ ತಂದೆ ದೇವೇಂದ್ರಪ್ಪ ಮರುದಿನ ಪುಣೆಯ ಬಸ್ಸು ಹಿಡಿಯಲು ಮಕ್ತಲಿಗೆ ಬರುವವನಿದ್ದ. ಗಂಗಕ್ಕ ಬೆಳಿಗ್ಗೆಯಿಂದ ನಿಲ್ದಾಣದಲ್ಲಿ ಕಾದರು. ನಾನೂ ಕಾವ್ಯಳ ಪಕ್ಕದಲ್ಲಿದ್ದೆ. ಹೆಗಲ ಮೇಲೆ ಹಾಸಿಗೆಯ ಸುರುಳಿ ಹೊತ್ತು ಬಂದ ದೇವೇಂದ್ರಪ್ಪ ಗಂಗಕ್ಕನನ್ನು ಕಂಡು ಕೈ ಮುಗಿದ. ಅಡಗುವ ಯೋಚನೆ ಅವನಿಗಿರಲಿಲ್ಲ.

"ಹೌದ್ರಿ ಯಕ್ಕ, ನಾನ ತೆಗದೆ. ಮದುವ್ಯಾಗ ಮುಯ್ಯಿ ತಿರುಗಿಸಬೇಕಿತ್ತು. ನನ್ನ ಮದುವಿಗೆ ಅಕ್ಕ ತೊಲಿ ಬೆಳ್ಳಿ, ಬಟ್ಟೆ ಎಲ್ಲಾ ಮಾಡಿದಾಕಿ. ಬರೀಗೈಲೆ ಹೋಗಿ ಉಂಡು ಬರಾಕ ಆಗ್ತೈತೇನ್ರಿ? ಮಗಳ ರೊಕ್ಕ ಅಂದ್ರ ಮನೀ ರೊಕ್ಕ ಅಲ್ಲೇನು?"

"ನಂಬರ್ ಯಾರು ಹೇಳಿದ್ರಣ್ಣ?"

ದೇವೇಂದ್ರಪ್ಪನಿಗೆ ನಗು ಬಂತು. "ಯಾರ ಹೇಳಬೇಕ್ರಿ? ಗಂಗಕ್ಕಾರ ಹುಡಿಗ್ಯಾರ ನಂಬರು ಅಂದ್ರ ಕೊನೀ ಬಸ್ಸಿನ ಟೈಮು. ಊರಾಗ ಕೂಸಿಗೂ ಗೊತ್ತೈತಿ. ಮೊದಲನೇ ಸಲಕ್ಕ ರೊಕ್ಕ ಬಂತು."

ಗಂಗಕ್ಕ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ನನ್ನ ಕೇಳಬೇಕಿತ್ತಪ್ಪ," ಎಂದಳು ಕಾವ್ಯ.

"ನಿನ್ನ ಕೇಳ್ಬೇಕಾ? ನಿನ್ನ ರೊಕ್ಕ ತಗೊಳ್ಳಾಕ ನೀನ ಗಂಗಕ್ಕಾರನ್ನ ಕೇಳ್ತಿ. ಯಾಕ ಬೇಕು ಅಂದ್ರ ಸಾಲಿ ಹುಡಿಗಿ ಹಂಗ ಕೈ ಕಟ್ಟಿ ಹೇಳ್ತಿ. ಅವರ ಡಬ್ಬ್ಯಾಗ ಇದ್ರ ನಡೀತೈತಿ, ಹಡದಪ್ಪ ತೆಗದ್ರ ಕಳ್ಳತನ ಏನು?"

ಕಾವ್ಯ ಉತ್ತರಕ್ಕಾಗಿ ಗಂಗಕ್ಕನ ಕಡೆ ನೋಡಿದಳು. ನಾನೂ ನೋಡಿದೆ. ಅವರು ತಮ್ಮ ಸೆರಗಿನ ತುದಿ ಹೊಸೆಯುತ್ತಿದ್ದರು. ಆಗ ಅವರ ಕಿವಿಯಲ್ಲಿ ಮೈದುನ ಸುರೇಂದರನ 'ಯಾಕ ಬೇಕು' ಎಂಬ ಪ್ರಶ್ನೆ ಕೇಳಿಸಿತ್ತು ಎಂದು ಎಷ್ಟೋ ದಿನದ ಮೇಲೆ ನನ್ನೊಡನೆ ಹೇಳಿದರು. ಕೇಳುವ ದನಿ ಮಾತ್ರ ತಮ್ಮದೇ ಆಗಿತ್ತಂತೆ.

ಪುಣೆಯ ಬಸ್ಸು ಬಂತು. ದೇವೇಂದ್ರಪ್ಪ ದಾರಿ ಖರ್ಚಿನಲ್ಲೇ ಎರಡು ಐನೂರರ ನೋಟು ಎಣಿಸಿ ಮಗಳ ಕೈಯಲ್ಲಿಟ್ಟ. "ಉಳಿದದ್ದು ಪುಣೆಯಿಂದ ಹಾಕ್ತೀನಿ ತಾಯಿ," ಎಂದ. ಎರಡು ತಿಂಗಳಲ್ಲಿ ಹಾಗೆಯೇ ಹಾಕಿದ. ಬುಧವಾರದ ಫೀಸಿಗೆ ಕಡಿಮೆ ಬಿದ್ದದ್ದನ್ನು ಗಂಗಕ್ಕ ಕುಚ್ಚಿನ ಕೂಲಿಯಿಂದ ಕೊಟ್ಟರು. ಕಾವ್ಯಳಿಗೆ ಸೀಟು ಸಿಕ್ಕಿತು.

ಅಲ್ಲಿಗೆ ನಮ್ಮ ಪಾಲಿಗೆ ಎಲ್ಲ ಮುಗಿದಿತ್ತು. ಗಂಗಕ್ಕನಿಗೆ ಮುಗಿದಿರಲಿಲ್ಲ. ಮುಂದಿನ ಭಾನುವಾರ ಹನ್ನೊಂದು ಜನರನ್ನೂ ಕರೆಸಿ, ಡಬ್ಬಿ ತೆರೆದು, ಎಳೆ ಬಿಚ್ಚಿ ಬಿಚ್ಚಿ ಕಾರ್ಡುಗಳನ್ನು ಕೊಡತೊಡಗಿದರು. ನಂಬರು ಎಲ್ಲರೂ ಬದಲಿಸಬೇಕು, ಇನ್ನು ಮೇಲೆ ಕಾರ್ಡು ಅವರವರ ಹತ್ತಿರವೇ ಇರಬೇಕು ಎಂದರು.

"ನಂಬರಷ್ಟ ಬದಲಿ ಮಾಡೋಣ ಅಕ್ಕಾ," ಎಂದಳು ಕರುಣಾ. "ಕಾರ್ಡ ಡಬ್ಬ್ಯಾಗ ಇರಲಿ ಬಿಡ್ರಿ."

"ಬ್ಯಾಡ."

"ನಿಮಗೇನ್ ತ್ರಾಸು?"

"ನನಗೇನೂ ತ್ರಾಸಿಲ್ಲ. ಡಬ್ಬ್ಯಾಗ ಇದ್ರ ನೀವು ದಿನಾ ಬರ್ತೀರಿ. ಅದು ನನಗೂ ಗೊತ್ತೈತಿ..." ಎಂದು ಮಾತು ಅಲ್ಲಿಗೇ ನಿಲ್ಲಿಸಿ, ಗಿಳಿಹಸಿರಿನ ಗಂಟು ಬಿಡಿಸಲು ಬಾಗಿದರು. ಅದು ಸುಲಭವಾಗಿ ಬಿಚ್ಚಲಿಲ್ಲ. ಕೊನೆಗೆ ಹಲ್ಲಿನಲ್ಲಿ ಕಡಿದರು.

ಎಟಿಎಮ್ಮಿಗೆ ಸಾಲಾಗಿ ಹೋದೆವು. ಗಂಗಕ್ಕ ಗಾಜಿನ ಬಾಗಿಲಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ನಿಂತರು. ಹುಟ್ಟಿದ ದಿನ ಬೇಡ, ಫೋನಿನ ಕೊನೆಯ ಅಂಕಿ ಬೇಡ, ಬಸ್ಸಂತೂ ಬೇಡವೇ ಬೇಡ ಎಂದು ಅಲ್ಲಿಂದಲೇ ಹೇಳುತ್ತಿದ್ದರು.

"ಅಕ್ಕಾ, ಚೂಡೊದ್ದು! ನೋಡಬ್ಯಾಡ್ರಿ!" ಕರುಣಾ ಒಳಗಿನಿಂದ ಕೂಗಿದಳು.

"ನಿನ್ನ ಯಾರು ನೋಡ್ತಾರ? ನಾ ಇಲ್ಲಿ ಎಮ್ಮಿ ನೋಡಾಕತ್ತೀನಿ."

"ಎಮ್ಮಿಗೆ ನಂಬರ್ ಹೇಳಿಗೀಳೀರಿ ಮತ್ತ!"

ಎಲ್ಲರೂ ನಕ್ಕೆವು. ಕಾವ್ಯಳ ಸರದಿ ಬಂದಾಗ ಅವಳು ಬಾಗಿಲಿಂದ ಹೊರಗೆ ತಲೆ ಹಾಕಿದಳು.

"ಯಾವ ನಂಬರು ಇಡಲಿ ಅಕ್ಕಾ?"

"ನಿನಗ ಮಾತ್ರ ಗೊತ್ತಿರೋದು ಯಾವುದಾರ ಇಡು."

"ನನಗ ಮಾತ್ರ ಗೊತ್ತಿರೋದು ಏನೂ ಇಲ್ರಿ."

"ಇನ್ ಮ್ಯಾಲೆ ಇರ್ತೈತಿ," ಎಂದರು ಗಂಗಕ್ಕ, ತಿರುಗದೆ.

ಆಮೇಲೆ ಒಂದೆರಡು ವಾರ ನಾವು ಹಳೆಯ ರೂಢಿಯಿಂದ ಆ ಮನೆಗೆ ಹೋದೆವು. ಶೇಂಗಾ ತಿಂದೆವು. ಕೇಳುವುದೇನೂ ಇರಲಿಲ್ಲ. ಬೈಸಿಕೊಳ್ಳುವುದೂ ಇರಲಿಲ್ಲ. ಮಾತು ಬೇಗ ಮುಗಿಯುತ್ತಿತ್ತು. ಪರೀಕ್ಷೆ ಬಂತು, ಒಬ್ಬೊಬ್ಬರಾಗಿ ನಿಲ್ಲಿಸಿದೆವು. ನಿಲ್ಲಿಸಬೇಕೆಂದು ಯಾರೂ ನಿಲ್ಲಿಸಿದ್ದಲ್ಲ. ಎಟಿಎಮ್ಮಿಗೆ ಹೋಗುವ ದಾರಿಯಲ್ಲೇ ಅವರ ಮನೆ. ಬಾಗಿಲು ತೆರೆದಿರುವುದು, ಅವರು ಸೆರಗಿನ ಮೇಲೆ ಬಾಗಿರುವುದು ಕಾಣುತ್ತಿತ್ತು. ನಾನೂ ಎಷ್ಟೋ ಸಲ ಹಾಗೆಯೇ ದಾಟಿ ಹೋಗಿದ್ದೇನೆ. ಅವರು ಕರೆಯಲಿಲ್ಲ. ಕಾಲಿನ ಸದ್ದಿಗೆ ತಲೆಯೆತ್ತಿ, ನಮ್ಮ ಕೈಯಲ್ಲಿ ಕಾರ್ಡು ಇರುವುದನ್ನು ಕಂಡು, ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು.

ದಸರೆಯ ರಜೆಯಲ್ಲಿ ಕಾವ್ಯ ನಾರಾಯಣಪೇಟೆಯಿಂದ ಬಂದಳು. ಗಂಗಕ್ಕನಿಂದ ಪಡೆದಿದ್ದ ಹಣ ತಂದಿದ್ದಳು. ಒಬ್ಬಳೇ ಹೋಗಲು ಸಂಕೋಚವೆಂದು ನನ್ನನ್ನೂ ಕರೆದುಕೊಂಡು ಹೋದಳು. ಗಂಗಕ್ಕ ಚಾಪೆ ಹಾಸಿದರು. ಹಣ ಎಣಿಸದೆ ದಿಂಬಿನ ಕೆಳಗೆ ಇಟ್ಟರು. ಅವರು ಸಣ್ಣಗಾಗಿದ್ದರು.

ಕಾವ್ಯ ಹತ್ತಿರ ಸರಿದಳು.

"ಅಕ್ಕಾ, ನನ್ನ ನಂಬರು ನಿಮಗ ಹೇಳ್ತೀನಿ. ನಿಮಗೊಬ್ಬರಿಗೇ."

"ಹೇಳಬ್ಯಾಡ."

"ನೀವೇನ್ ಬ್ಯಾರೆಯವ್ರೇನ್ರಿ?"

ಗಂಗಕ್ಕ ಅವಳ ಮುಖವನ್ನೇ ನೋಡಿದರು. ಬೇಕಿತ್ತು ಅವರಿಗೆ, ಅದು ನನಗೂ ಕಾಣುತ್ತಿತ್ತು. ಆ ನಾಲ್ಕು ಅಂಕಿಯ ಹಿಂದೆ ಕಾವ್ಯ ಮತ್ತೆ ಬರುತ್ತಾಳೆ, ಮತ್ತೆ ಯಾರಾದರೂ ಬರುತ್ತಾರೆ.

"ಬ್ಯಾರೆಯಾಕೀನ ಬೇ," ಎಂದರು ಮೆಲ್ಲಗೆ. "ಬ್ಯಾರೆಯವ್ರಿಗೆ ಹೇಳಬಾರದು."

ಕಾವ್ಯಳ ಕಣ್ಣು ತುಂಬಿತು. ಅವಳು ಚಾಪೆಯ ಅಂಚನ್ನು ನೋಡುತ್ತ ಕುಳಿತಳು. ಹಣದ ಮಾತು ಬಿಟ್ಟು ಆ ಮನೆಯಲ್ಲಿ ನಾವು ಬೇರೇನೂ ಆಡಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಗಂಗಕ್ಕನೂ ಏನು ಕೇಳಬೇಕೆಂದು ಹುಡುಕುತ್ತಿದ್ದರು. ಬಹಳ ಹೊತ್ತು ಹುಡುಕಿದರು.

"ಅಲ್ಲಿ ಹಾಸ್ಟೆಲ್‌ನಾಗ ಊಟಕ್ಕ ಏನ್ ಮಾಡ್ತಾರ?"

"ಅನ್ನ, ಸಾರು. ಸಾರು ನೀರಿನಂಗ ಇರ್ತೈತ್ರಿ."

"ಹಂಗೇನು," ಎಂದರು ಗಂಗಕ್ಕ. ಮುಂದೇನು ಕೇಳುವುದೆಂದು ತಿಳಿಯದೆ ಚಾಪೆಯ ಅಂಚು ನೇರ ಮಾಡಿ, "ದಿನಾಲೂ ಹಂಗ ಇರ್ತೈತೇನು?" ಎಂದು ಕೇಳಿದರು.