ತುಂಬಿ ಬಂದ ತಾಟುಗಳು

ಎಳ್ಳು ಹುರಿಯುವಾಗ ಒಂದು ಗಳಿಗೆ ಬರುತ್ತದೆ. ಅದಕ್ಕೂ ಮೊದಲು ಹಸಿ ವಾಸನೆ, ಅದು ದಾಟಿದರೆ ಸೀದ ವಾಸನೆ. ನಡುವೆ ಸ್ವಲ್ಪವೇ ಹೊತ್ತು ಇಡೀ ಮನೆಯನ್ನು ಬೆಚ್ಚಗೆ ಮಾಡುವಂಥ ಘಮ. ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಂಗಲಿಯ ವಿಶ್ರಾಮಬಾಗದ ನಮ್ಮ ಫ್ಲ್ಯಾಟಿನಲ್ಲಿ ಆ ಘಮ ಎದ್ದಿತು. ಅದು ನಾನು ಮಲಗುವ ಹೊತ್ತು. ನನ್ನ ದಿನಕ್ಕೊಂದು ಕ್ರಮವಿದೆ, ಆ ಹೊತ್ತಿನಲ್ಲಿ ಯಾರು ಕರೆದರೂ ಏಳುವವಳಲ್ಲ. ಅಂದು ಎದ್ದೆ. ಅಡುಗೆಮನೆಯಲ್ಲಿ ಮೊಮ್ಮಗಳು ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಅದರಲ್ಲಿ ತೋರಿಸಿದಂತೆ ಹಿಟ್ಟು ನಾದುತ್ತಿದ್ದಳು. "ಆಜಿ, ನೀವ್ಯಾಕ ಎದ್ರಿ? ಇವು ಚೈನೀಜ್ ನ್ಯೂ ಇಯರ್ ಕುಕೀಜ್. ಏಕದಮ್ ಸೋಪೇ ಆಹೇತ, ಬಹಳ ಸುಲಭ," ಎಂದಳು. ಕಾಲೇಜಿನಲ್ಲಿ ದೇಶದೇಶದ ಹಬ್ಬಗಳ ತಿಂಡಿ ಮಾಡಿ ತರಲು ಹೇಳಿದ್ದರಂತೆ. ಮೊಟ್ಟೆ ಹಾಕಿದೆಯಾ ಎಂದು ಕೇಳಿದೆ. "ಆಪಲ್ಯಾ ಘರಾತ್, ನಮ್ಮನ್ಯಾಗ ಮೊಟ್ಟೆ? ಇಲ್ಲರಿ, ಬರೇ ತುಪ್ಪ," ಎಂದು ನಕ್ಕಳು. ಓವನ್ನಿನ ಗಾಜಿನಾಚೆ ಎಳ್ಳು ಮೆತ್ತಿದ ಉಂಡೆಗಳು ಅಗಲವಾಗುತ್ತ, ಮೇಲೆ ಬಿರುಕು ಬಿಡುತ್ತಿದ್ದವು. ನಾನು ಅಲ್ಲಿ ನಿಲ್ಲಲಾರದೆ ಕೋಣೆಗೆ ಬಂದು ಕುಳಿತೆ. ಈಗ ಇಲ್ಲದ ಮನೆಯೊಂದರ ವಾಸನೆ ಇನ್ನೊಂದು ಮನೆಯಲ್ಲಿ ಎದ್ದರೆ ಹೇಗಾಗುತ್ತದೆಂದು ನಿಮಗೂ ಗೊತ್ತಿರಬಹುದು.

ನಮ್ಮ ಮನೆ ಮಿರಜಿನ ಹಳೆಯ ಪೇಟೆಯ ಒಂದು ಓಣಿಯಲ್ಲಿತ್ತು. ಈಗ ಅಲ್ಲಿ ರಕ್ತ ತಪಾಸಣೆಯ ಲ್ಯಾಬ್ ಇದೆ, ಅದರ ಕೆಳಗೆ ಔಷಧದ ಅಂಗಡಿ. ಆಗ ಕಲ್ಲಿನ ವಾಡೆ, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಸಿಹಿನೀರಿನ ಬಾವಿ. ಅಪ್ಪನಿಗೆ ಸಾಂಗಲಿಯಲ್ಲಿ ಅರಿಶಿನದ ವ್ಯಾಪಾರ. ಸಂಜೆ ಅವರು ಒಳಗೆ ಬಂದರೆ ಅವರಿಗಿಂತ ಮೊದಲು ಅರಿಶಿನದ ವಾಸನೆ ಬರುತ್ತಿತ್ತು. ಅವ್ವ ಮೆತ್ತಗಿನ ಹೆಂಗಸು. ಮನೆ ನಡೆಸುತ್ತಿದ್ದವಳು ಅಪ್ಪನ ತಾಯಿ. ಅವಳನ್ನು ನಾವು ಮಾತ್ರವಲ್ಲ, ಇಡೀ ಓಣಿಯೇ ಆಯಿ ಎಂದು ಕರೆಯುತ್ತಿತ್ತು. ನಮ್ಮದು ಜೈನರ ಮನೆ. ನೀರು ಬಟ್ಟೆಯಲ್ಲಿ ಸೋಸಬೇಕು, ಬಸದಿಗೆ ಹೋಗಿ ಬಂದ ಮೇಲೆಯೇ ಬಾಯಿಗೆ ಏನಾದರೂ ಹಾಕಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿದು ಪಾತ್ರೆ ಬೆಳಗಿ ಇಟ್ಟಿರಬೇಕು. ಆಯಿ ಇದನ್ನು ನಮಗೆ ಬಾಯಿಂದ ಕಲಿಸಲಿಲ್ಲ. ತಾನು ನಡೆದಳು, ನಾವು ಹಿಂದೆ ನಡೆದೆವು. ಓಣಿಯಲ್ಲಿ ತೊಟ್ಟಿಲು ಕಟ್ಟಿದರೆ ತೊಟ್ಟಿಲು ನಮ್ಮದು, ಮದುವೆಯಾದರೆ ಹಂಡೆ ನಮ್ಮದು. ಹೀಗಾಗಿ ಅವಳ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ವಾಡೆಯ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದವರು ಚೀನೀ ದಂಪತಿ. ಗಂಡ ಹಲ್ಲಿನ ಡಾಕ್ಟರು. ಪೇಟೆಯಲ್ಲಿ ಅವರ ಪುಟ್ಟ ದವಾಖಾನೆ, ಬಾಗಿಲ ಮೇಲೆ ಮೊಳದುದ್ದದ ಹಲ್ಲಿನ ಸಾಲು ಬರೆದ ಬೋರ್ಡು. ಅವರದು ಮಾತು ಕಡಿಮೆ, ಅದೂ ಮರಾಠಿಯಲ್ಲಿ. ಹೆಂಡತಿಯ ಹೆಸರು ಮೇಯಿ. ನಮಗೆ ಅವಳು ಮೇಯಿ ಮಾವಶಿ, ಅಂದರೆ ಚಿಕ್ಕಮ್ಮ. ಅವಳು ಕನ್ನಡ ಕಲಿತದ್ದು ಬಾವಿಕಟ್ಟೆಯ ಮೇಲೆ, ಆಯಿಯಿಂದ. ಹಾಗಾಗಿ ಅವಳ ಬಾಯಲ್ಲಿ ಆಯಿಯ ಬೈಗುಳಗಳೂ ಇದ್ದವು. ಆಯಿಗೆ ಕಟ್ಟಿಸಿದ ಹಲ್ಲು ಹಾಕಿದವರು ಡಾಕ್ಟರೇ. ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ಆಯಿ ಕೇಳಿದ್ದು ಈಗಲೂ ನೆನಪಿದೆ: "ಡಾಕ್ಟರ್ರ, ಇವು ಎಲುಬಿನವು ಅಲ್ಲಲಾ? ಎಲುಬ ಬಾಯಾಗಿಟ್ಕೊಂಡು ನಾ ಬಸ್ತಿಗೆ ಹೆಂಗ ಹೋಗಲಿ?" ಡಾಕ್ಟರು ತಿಳಿಯದೆ ಹೆಂಡತಿಯ ಮುಖ ನೋಡಿದರು. ಮೇಯಿ ಮಾವಶಿ ಗಂಭೀರವಾಗಿ ಹೇಳಿದಳು: "ಪ್ಲ್ಯಾಸ್ಟಿಕ್ಕಿನವು ಅದಾವರಿ ಆಯಿ. ಎಲುಬಿನಂಥಾವು ನಿಮ್ಮ ಸ್ವಂತದವು, ಅವು ಬಿದ್ದು ಹೋದವು. ಈಗ ನೋಡ್ರಿ, ನೀವು ಪೂರಾ ಶುದ್ಧ ಆದ್ರಿ." ಆಯಿ ಹಲ್ಲಿಲ್ಲದ ಬಾಯಲ್ಲಿ ಕಣ್ಣೀರು ಬರುವಷ್ಟು ನಕ್ಕಳು.

ಆ ದಂಪತಿಗೆ ಹುಟ್ಟಿದ್ದು ಒಂದೇ ಮಗು, ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಊರ ಹೊರಗಿನ ಕ್ರಿಶ್ಚಿಯನ್ ಸ್ಮಶಾನದ ಗೋಡೆಯ ಪಕ್ಕ ಅದನ್ನು ಮಣ್ಣು ಮಾಡಿದ್ದರು. ಮೇಯಿ ಮಾವಶಿ ಮೇಲಿಂದ ಮೇಲೆ ಅಲ್ಲಿಗೆ ಹೋಗಿ, ಕಸ ಕಿತ್ತು, ನೀರು ಹಾಕಿ ಬರುತ್ತಿದ್ದಳು. ಬಂದಾಗ ಆಯಿ ಬಾವಿಯಿಂದ ಒಂದು ಕೊಡ ನೀರು ಸೇದಿ ಅವಳ ಕಾಲಿಗೆ ಹಾಕುತ್ತಿದ್ದಳು.

ಅವರ ಹೊಸ ವರ್ಷ ನಮ್ಮ ಸಂಕ್ರಾಂತಿಯ ಹಿಂದೆಯೇ ಬರುತ್ತಿತ್ತು. ಆರಗ ಹಳ್ಳಿಯ ನಮ್ಮ ಹೊಲದಿಂದ ಬಂದ ಎಳ್ಳಿನಲ್ಲಿ ಆಯಿ ಮೇಯಿ ಮಾವಶಿಯ ಪಾಲನ್ನು ಬೇರೆ ತೆಗೆದಿಡುತ್ತಿದ್ದಳು. ಅವಳ ತಾಯಿಯ ಕಡೆ ಹೊಸ ವರ್ಷದ ಎಳ್ಳಿನ ಬಿಸ್ಕೀಟನ್ನು ಮೊಟ್ಟೆ ಹಾಕಿ ಕೊಬ್ಬಿನಲ್ಲಿ ಕರಿಯುತ್ತಿದ್ದರಂತೆ. ನಮ್ಮ ವಾಡೆಗೆ ಬಂದ ಮೇಲೆ ಮಾವಶಿ ಅವೆರಡನ್ನೂ ಬಿಟ್ಟು, ತುಪ್ಪ, ಮೈದಾ, ಪುಡಿ ಸಕ್ಕರೆ ನಾದಿ ನಿಂಬೆಗಾತ್ರದ ಉಂಡೆ ಕಟ್ಟಿ, ಒದ್ದೆ ಕೈಯಲ್ಲಿ ಉರುಳಿಸಿ ಎಳ್ಳಿನಲ್ಲಿ ಹೊರಳಿಸುತ್ತಿದ್ದಳು. ಆಗಿನ ಮಿರಜಿನಲ್ಲಿ ಮನೆಯಲ್ಲಿ ಓವನ್ ಯಾರಿಗಿತ್ತು? ದೀಪಾವಳಿಗೆ ನಾನಖಟಾಯಿ ಮಾಡಿಸುವವರು ಹೇಗೋ ಹಾಗೆ ಅವಳೂ ತಗಡಿನ ತಟ್ಟೆಗಳಲ್ಲಿ ಉಂಡೆ ಜೋಡಿಸಿ ಬೇಕರಿಯ ಭಟ್ಟಿಗೆ ಒಯ್ಯುತ್ತಿದ್ದಳು. ಭಟ್ಟಿಯ ಚಾಚಾ ಅವಳ ತಟ್ಟೆಗಳನ್ನು ದಿನದ ಮೊದಲ ಸುತ್ತಿನಲ್ಲಿ, ಮೊಟ್ಟೆಯ ಯಾವ ಪದಾರ್ಥವೂ ಒಳಗೆ ಹೋಗುವ ಮುಂಚೆ ತಳ್ಳುತ್ತಿದ್ದ. ಅದು ಆಯಿಯ ಸಲುವಾಗಿ. ಬೆಂದ ಬಿಸ್ಕೀಟು ಮೇಲೆ ಬಿರುಕು ಬಿಡಬೇಕು. ಬಿಟ್ಟರೆ ಬಿಸ್ಕೀಟು ನಕ್ಕಿತು, ವರ್ಷ ಒಳ್ಳೆಯದಾಗುತ್ತದೆ ಎಂದು ಅವರ ನಂಬಿಕೆ. ಆಮೇಲೆ ಮನೆಮನೆಗೆ ತಾಟು. ತಾಟು ತೆಗೆದುಕೊಂಡವರು ಅದನ್ನು ಬರಿದಾಗಿ ಹಿಂದೆ ಕೊಡುವಂತಿರಲಿಲ್ಲ. ಶೇಂಗಾದ ಉಂಡೆ, ಕುಸುರೆಳ್ಳು, ಕಡೆಗೆ ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಬರಿದಾದ ತಾಟು ಕೊಟ್ಟರೆ ನಮ್ಮ ನಿಮ್ಮ ನಂಟು ಮುಗಿಯಿತು ಎಂದು ಹೇಳಿದಂತೆ.

ನಾನು ಸಣ್ಣವಳಿದ್ದಾಗ, ಅರವತ್ತೆರಡರಲ್ಲಿ, ದೂರದ ಗಡಿಯಲ್ಲಿ ಚೀನದ ಜೊತೆ ಯುದ್ಧವಾಯಿತು. ಸಂಜೆ ರೇಡಿಯೋ ಇದ್ದ ಅಂಗಡಿಯ ಮುಂದೆ ಜನ ಸೇರುತ್ತಿದ್ದರು. ನಮ್ಮ ಓಣಿಯ ಒಬ್ಬ ಹುಡುಗ ಫೌಜಿನಲ್ಲಿದ್ದ, ಅವನ ಸುದ್ದಿ ಬಹಳ ದಿನ ಬರಲಿಲ್ಲ. ಯುದ್ಧ ನಿಂತ ಮೇಲೂ ಓಣಿಯ ಮುಖ ಮೊದಲಿನಂತಾಗಲಿಲ್ಲ. ಡಾಕ್ಟರು ಆಗಾಗ ಪೋಲೀಸ್ ಕಚೇರಿಗೆ ಹೋಗಿ ಸಹಿ ಮಾಡಿ ಬರಬೇಕಾಯಿತು. ಸಂಕ್ರಾಂತಿಯಲ್ಲಿ ಅರಿಶಿನ ಕುಂಕುಮಕ್ಕೆ ಮೇಯಿ ಮಾವಶಿಯನ್ನು ನಮ್ಮ ಮನೆ ಬಿಟ್ಟು ಯಾರೂ ಕರೆಯಲಿಲ್ಲ. ಎದುರು ಮನೆಯ ಕಾಕು ಬಾವಿಗೆ ಬಂದಾಗ ಅವ್ವನಿಗೆ ಹೇಳಿದಳು: "ನನಗೇನ ಸಿಟ್ಟಿಲ್ಲವಾ ಆಕಿ ಮ್ಯಾಲ. ಖರೆ ಮಂದಿ ಏನಂದಾರು?" ಮಂದಿ ಎಂದರೆ ಯಾರು ಎಂದು ಅವ್ವ ಕೇಳಲಿಲ್ಲ. ಎಲ್ಲ ಮನೆಯಲ್ಲೂ ಅದೇ ಮಾತು ನಡೆದಿತ್ತು.

ಡಾಕ್ಟರ ಅಣ್ಣನಿಗೆ ಮುಂಬಯಿಯಲ್ಲಿ ಹಲ್ಲಿನ ದವಾಖಾನೆ ಇತ್ತು. ಅಲ್ಲಿ ತಮ್ಮಂಥವರು ಬಹಳ ಜನ ಇದ್ದಾರೆ, ಇಬ್ಬರೂ ಬಂದುಬಿಡಿ ಎಂದು ಆತ ಹೇಳಿಕಳಿಸಿದ್ದ. ಮೇಯಿ ಮಾವಶಿ ನಮ್ಮ ಅಡುಗೆಮನೆಯ ಹೊಸಿಲಲ್ಲಿ ಕುಳಿತು ಆಯಿಗೆ ಹೇಳುವಾಗ ನಾನು ಅಲ್ಲೇ ಇದ್ದೆ. "ಹಬ್ಬದ ತನಕ ದವಾಖಾನ್ಯಾಗ ಒಂದ ಖುರ್ಚಿ ನಮಗಂತ ಇಡತಾರಂತರಿ. ಆಮ್ಯಾಲ ಬ್ಯಾರೇದವರಿಗೆ. ಇವರು ಹೋಗೂಣು ಅಂತಾರ. ನಾ ಕೂಸಿನ್ನ ಬಿಟ್ಟು ಹೆಂಗ ಹೋಗಲಿರಿ?" ಎಂದಳು. ಆಮೇಲೆ ತಾನು ಮಾಡಿದ ತೀರ್ಮಾನ ಹೇಳಿದಳು: "ದರ ವರ್ಷದಂಗ ಬಿಸ್ಕೀಟ ಮಾಡತೀನಿ, ಓಣಿಗೆಲ್ಲಾ ಕೊಡತೀನಿ. ತಾಟು ಖಾಲಿ ಬಂದ್ರ ಹೋಗತೇವಿ. ತುಂಬಿ ಬಂದ್ರ ಇರತೇವಿ. ಇವರೂ ಹೂಂ ಅಂದಾರ."

ಚಾಚಾ ಆ ಸಲ ಅವಳಿಗೆ ಕತ್ತಲಿರುವಾಗಲೇ ಬಾ ಎಂದ, ಜನ ಏಳುವ ಮೊದಲೇ ತಟ್ಟೆಗಳನ್ನು ತೆಗೆದು ಕೊಟ್ಟ. ಬಿಸ್ಕೀಟುಗಳು ಚೆನ್ನಾಗಿ ಬಿರುಕು ಬಿಟ್ಟಿದ್ದವು. ತಾಟುಗಳಿಗೆ ಹಾಕಿ, ಮೇಲೆ ಕೆಂಪು ಕಾಗದ ಮುಚ್ಚಿ ಮಾವಶಿ ಹೊಸಿಲ ತನಕ ಹೋದಳು. ಅಲ್ಲೇ ನಿಂತಳು. "ಬಾಗಲಾನ ತಗೀಲಿಲ್ಲಂದ್ರ ಏನ ಮಾಡಲಿರಿ ಆಯಿ?" ಎಂದಳು. ಆಯಿ ಸೆರಗು ಸರಿಪಡಿಸಿಕೊಂಡು ಎದ್ದಳು. "ಕೊಡ ಇಲ್ಲೆ. ನಾ ಒಯ್ತೀನಿ. ಹೆಂಗ ತಗೀದಿಲ್ಲ ನೋಡತೀನಿ," ಎಂದಳು.

ನಾನು ಅವಳ ಹಿಂದೆ ಹೋದೆ. ಮೊದಲು ಎದುರಿನ ಕಾಕುವಿನ ಮನೆ. ಕಾಕು ಬಾಗಿಲು ತೆಗೆದು, "ಅಯ್ಯ, ಆಯಿ, ನೀವ? ಬರ್ರಿ, ಕುಂದ್ರಿ," ಎಂದಳು.

"ಕುಂದರಾಕ ಬಂದಿಲ್ಲ. ಮೇಯೀನ ಹಬ್ಬದ ಬಿಸ್ಕೀಟ ಅದಾವ, ತಗೋ."

ಕಾಕು ತಾಟು ನೋಡಿದಳು, ಆಯಿಯ ಮುಖ ನೋಡಿದಳು. "ನಮ್ಮನ್ಯಾಗ ಇವರು ಬ್ಯಾಡ ಅಂತಾರರಿ..."

"ಯಾರು, ನಿನ್ನ ಗಂಡನೇನ? ಕರಿ ಹೊರಗ. ನೀ ಯಾರ ಮನೀ ತೊಟ್ಟಲದಾಗ ಅಳಕೋತ ದೊಡ್ಡವಾಗೀಪಾ ಅಂತ ಕೇಳತೀನಿ."

ಕಾಕು ತಾಟು ಒಳಗೆ ಒಯ್ದಳು. ಆಯಿ ಹೊಸಿಲಾಚೆ ಕೈ ಕಟ್ಟಿಕೊಂಡು ನಿಂತೇ ಇದ್ದಳು. ತಾಟು ಶೇಂಗಾದ ಉಂಡೆ ತುಂಬಿಕೊಂಡು ಬಂತು. ಮುಂದಿನ ಮನೆಯಲ್ಲೂ ಹೀಗೆಯೇ, ಅದರಾಚೆಯ ಮನೆಯಲ್ಲೂ. ಫೌಜಿನ ಹುಡುಗನ ತಾಯಿ ಮಾತ್ರ ತಾಟು ತೆಗೆದುಕೊಂಡು, ಒಂದು ಹಿಡಿ ಸಕ್ಕರೆ ಸುರಿದು ಕೊಟ್ಟು ಬಾಗಿಲು ಹಾಕಿಕೊಂಡಳು. ಒಂದು ತಾಟೂ ಬರಿದಾಗಿ ಬರಲಿಲ್ಲ. ಆಯಿಯ ಸೆರಗು ಹಿಡಿದು ನಡೆಯುತ್ತಿದ್ದ ನನಗೆ ನಮ್ಮ ಆಯಿಯಂಥವಳು ಮಿರಜಿನಲ್ಲೇ ಇನ್ನೊಬ್ಬಳಿಲ್ಲ ಎನಿಸಿತ್ತು.

ಮೇಯಿ ಮಾವಶಿ ತುಂಬಿದ ತಾಟುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಗಂಡನನ್ನು ಕರೆದಳು. ಡಾಕ್ಟರು ಬಂದು ನೋಡಿ, ಬಗ್ಗಿ ಒಂದು ಶೇಂಗಾದ ಉಂಡೆ ಎತ್ತಿ ಬಾಯಿಗೆ ಹಾಕಿಕೊಂಡರು. ಮರುದಿನ ಮಧ್ಯಾಹ್ನ ಅಂಚೆ ಕಚೇರಿಗೆ ಹೋಗಿ, ನಾವು ಬರುವುದಿಲ್ಲ ಎಂದು ಅಣ್ಣನಿಗೆ ತಂತಿ ಕಳಿಸುತ್ತೇನೆಂದರು.

ಮರುದಿನ ಬೆಳಿಗ್ಗೆ ಅವ್ವ ಕಸ ಚೆಲ್ಲಲು ಹೋದವಳು ಬೇಗ ಬೇಗ ಹಿಂದಕ್ಕೆ ಬಂದಳು. ಓಣಿಯ ಕೊನೆಯ ಕಸದ ತೊಟ್ಟಿಯಲ್ಲಿ ಬಿಸ್ಕೀಟುಗಳು ಬಿದ್ದಿದ್ದವು. ಒಬ್ಬರ ಮನೆಯವಲ್ಲ, ಎಲ್ಲರ ಮನೆಯವು. ಕೆಂಪು ಕಾಗದಗಳ ಸಮೇತ. ಕಾಗೆಗಳು ಎಳ್ಳು ಹೆಕ್ಕುತ್ತಿದ್ದವಂತೆ. ಆಯಿ ಜಪದ ಸರ ಕೆಳಗಿಟ್ಟಳು. ಆಮೇಲೆ, "ಮಣ್ಣ ಹಾಕಿ ಮುಚ್ಚಿ ಬಾ. ಆಕಿಗೆ ಗೊತ್ತಾಗಬಾರದು," ಎಂದಳು. ಡಾಕ್ಟರು ತಂತಿ ಕೊಡಲು ಇನ್ನೂ ಹೊರಟಿರಲಿಲ್ಲ. ಮಧ್ಯಾಹ್ನ ಅವರು ಛತ್ರಿ ಹಿಡಿದು ಅಂಗಳ ದಾಟಿದಾಗ ಆಯಿ ಬಾವಿಕಟ್ಟೆಯ ಮೇಲೆ ಕುಳಿತಿದ್ದಳು. ಎಲ್ಲಿಗೆ ಹೊರಟಿರಿ ಎಂದು ಎಂದಿನಂತೆ ಕೇಳಲಿಲ್ಲ.

ಅವರು ಉಳಿದರು. ಹಲ್ಲು ನೋವು ಬಂದವರು ಸಾಂಗಲಿಗೆ ಹೋಗತೊಡಗಿದರು. ಯಾರೂ ಕಲ್ಲು ಎಸೆಯಲಿಲ್ಲ, ಯಾರೂ ಕೆಟ್ಟ ಮಾತು ಆಡಲಿಲ್ಲ. ದವಾಖಾನೆಯ ಬೆಂಚು ಮಾತ್ರ ಖಾಲಿಯಾಯಿತು. ಒಂದು ದಿನ ಬೋರ್ಡಿನ ಹಲ್ಲುಗಳ ಮೇಲೆ ಯಾರೋ ಡಾಂಬರು ಬಳಿದರು. ದವಾಖಾನೆಯ ಜಾಗದ ಮಾಲೀಕ ಬಹಳ ಸಂಕೋಚದಿಂದ, ಕೈ ಮುಗಿದು, ಬೇರೆ ಜಾಗ ನೋಡಿಕೊಳ್ಳಿ ಎಂದ. ಅಷ್ಟರಲ್ಲಿ ಮುಂಬಯಿಯ ಖುರ್ಚಿಯಲ್ಲಿ ಬೇರೊಬ್ಬರು ಕುಳಿತಾಗಿತ್ತು. ಮಳೆಗಾಲದ ಮೊದಲು ಊರು ಬಿಡಲು ಪೋಲೀಸರ ಪರವಾನಗಿ ಸಿಕ್ಕಿತು, ಇಬ್ಬರೂ ಕಲಕತ್ತೆಗೆ ಹೊರಟರು. ಅಲ್ಲಿ ಮಾವಶಿಯ ದೂರದ ನೆಂಟರ ಬೂಟಿನ ಅಂಗಡಿ ಇತ್ತು. ಹಲ್ಲು ಕಟ್ಟುವ ಕೈ ಇನ್ನು ಚರ್ಮ ಹೊಲಿಯಬೇಕು ಎಂದು ಡಾಕ್ಟರು ಅಪ್ಪನಿಗೆ ಹೇಳಿ, ತಮ್ಮ ಬೆರಳುಗಳನ್ನು ನೋಡಿಕೊಂಡರು.

ಆಯಿ, ಅಪ್ಪ, ನಾನು ಮಿರಜ ಸ್ಟೇಷನ್ನಿಗೆ ಹೋದೆವು. ಹಿಂದಿನ ಸಂಜೆ ಮಾವಶಿ ಸ್ಮಶಾನಕ್ಕೆ ಹೋಗಿ ಬಂದಿದ್ದಳು. ಆಯಿ ಎಂದಿನಂತೆ ಅವಳ ಕಾಲಿಗೆ ನೀರು ಹಾಕಿದ್ದಳು. ಗಾಡಿ ಬರುವ ಸೂಚನೆಯಾದಾಗ ಆಯಿ ಅವಳ ಕೈ ಹಿಡಿದುಕೊಂಡಳು.

"ಮೇಯಿ, ಆ ತಾಟು ನಾ ಒಯ್ಯಬಾರದಾಗಿತ್ತ. ಅವರು ನಿನಗ ತುಂಬಿ ಕೊಡಲಿಲ್ಲ, ನನಗ ಅಂಜಿ ಕೊಟ್ರು. ನಿನ್ನ ಬಿಸ್ಕೀಟ ಕಸದಾಗ ಚೆಲ್ಲಿದ್ರು. ಗೊತ್ತಿದ್ದೂ ನಾ ಬಾಯಿ ಬಿಡಲಿಲ್ಲ."

ಮೇಯಿ ಮಾವಶಿ ಅಳಲಿಲ್ಲ. ಆಯಿಯ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದಳು. "ನನಗೂ ಗೊತ್ತಿತ್ತರಿ ಆಯಿ. ಮುಂಜಾನೆ ಎದ್ದು ನಾನೂ ನೋಡಿದ್ನಿ. ಇವರಿಗೆ ಹೇಳಲಿಲ್ಲ. ನನಗ ಇರೂದ ಬೇಕಾಗಿತ್ತ." ಅಷ್ಟು ಹೇಳಿ ಗಾಡಿಯ ಡಬ್ಬಿಯೊಳಗೆ ಹತ್ತಿದಳು. ಡಾಕ್ಟರು ಕಿಟಕಿಯಿಂದ ನನಗೆ ಕೈ ಬೀಸಿದರು. ಗಾಡಿ ಹೋಯಿತು.

ಟಾಂಗಾದಲ್ಲಿ ಹಿಂದಿರುಗುವಾಗ, ಪೇಟೆ ಹತ್ತಿರ ಬಂದಾಗ ಅಪ್ಪ ಸಮಾಧಾನ ಹೇಳಲು ನೋಡಿದರು: "ಬಿಡವಾ, ಆಕಿಗೂ ಗೊತ್ತಿತ್ತಲಾ."

"ಎಲ್ಲಿ ಗೊತ್ತಿತ್ತೋ? ಗೊತ್ತಿದ್ರ ಗಂಡಗ ಹೇಳದ ಬಿಡತಿದ್ಲೇನ? ನಾ ಹಗುರಾಗಿ ಮನೀಗೆ ಹೋಗ್ಲಿ ಅಂತ ಸುಳ್ಳ ಹೇಳಿದ್ಲು," ಎಂದಳು ಆಯಿ.

ಆಮೇಲೆ ಆಯಿ ಬಹಳ ವರ್ಷ ಬದುಕಿದಳು. ಓಣಿಗೆ ತೊಟ್ಟಿಲು ಕೊಟ್ಟಳು, ಹಂಡೆ ಕೊಟ್ಟಳು, ಆದರೆ ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ಕಲಕತ್ತೆಯಿಂದ ಯಾವ ಸುದ್ದಿಯೂ ಬರಲಿಲ್ಲ. ಸ್ಮಶಾನದ ಗೋಡೆಯ ಪಕ್ಕ ಈಗ ಮುಳ್ಳು ಬೆಳೆದಿದೆ, ಮಗುವಿನ ಕಲ್ಲು ಎಲ್ಲಿತ್ತು ಎಂದು ತೋರಿಸಲು ನನ್ನಿಂದಲೂ ಆಗುವುದಿಲ್ಲ. ಮಾವಶಿ ಅಂದು ನಿಜ ಹೇಳಿದಳೋ, ಆಯಿ ಅಂದಂತೆ ಸುಳ್ಳು ಹೇಳಿದಳೋ? ಒಂದೊಂದು ದಿನ ಒಂದೊಂದು ಸರಿ ಎನಿಸುತ್ತದೆ. ನಿಜವಾದರೆ ಗಂಡನಿಗೆ ಮುಚ್ಚಿಟ್ಟದ್ದು, ಸುಳ್ಳಾದರೆ ಆಗಷ್ಟೇ ತಿಳಿದದ್ದು; ಯಾವುದು ಸರಿಯಾದರೂ, ಆ ಗಾಡಿ ಹತ್ತುವಾಗ ಅವಳು ಒಬ್ಬಳೇ ಹೊತ್ತುಕೊಂಡು ಹೋದದ್ದರ ಭಾರ ಕಡಿಮೆಯಾಗುವುದಿಲ್ಲ.