ಹಾಲವ್ವ ತೋರಿಸಿದ ಉಣ್ಣಿಯ ಜಾಗಗಳು

ಹಾಲವ್ವ ಬೈಯದೆ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಮೊದಲ ದಿನವೇ ಬೈಸಿಕೊಂಡಿದ್ದೆ.

ಅದು ೧೯೭೧ರ ಅಕ್ಟೋಬರ್. ಮುಲುಂಡ್ ಪಶ್ಚಿಮದಲ್ಲಿ ಬಿಲ್ಡಿಂಗುಗಳು ಮುಗಿದು ಗುಡ್ಡ ಶುರುವಾಗುವಲ್ಲಿ ನಾವು ಮೂವರು ಒಂದು ಬಿಳಿ ಫ್ಲಾನೆಲ್ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆಯುತ್ತಿದ್ದೆವು. ದನ, ನಾಯಿಗಳ ರಕ್ತ ಹೀರುವ ಉಣ್ಣಿ ಮನುಷ್ಯರಿಗೂ ಕಚ್ಚಿ ಜ್ವರ ತರುತ್ತದೆ. ಅಂಥ ಉಣ್ಣಿ ಎಲ್ಲೆಲ್ಲಿ ಇರಬಹುದು ಎಂದು ಮುಲುಂಡಿನಿಂದ ಗುಡ್ಡದಾಚೆಯ ಬೊರಿವಲಿವರೆಗೆ ನಕಾಶೆ ಮಾಡುವುದು ನಮ್ಮ ಸರ್ವೇ ಕಚೇರಿಯ ಕೆಲಸ. ಹುಲ್ಲಿನ ತುದಿಯಲ್ಲಿ ಕೂತ ಉಣ್ಣಿ ಬಟ್ಟೆಗೆ ಅಂಟಿದರೆ ಚಿಮುಟದಿಂದ ಹೆಕ್ಕಿ ಸೀಸೆಗೆ ಹಾಕಬೇಕು. ಮಧ್ಯಾಹ್ನವಾದರೂ ಒಂದೂ ಸಿಕ್ಕಿರಲಿಲ್ಲ.

ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಿಂತಳು. ಏನು ಹುಡುಕುತ್ತಿದ್ದೀರಿ ಎಂದು ಮುರುಕು ಹಿಂದಿಯಲ್ಲಿ ಕೇಳಿದಳು. ಅವಳು ಸೀರೆ ಉಟ್ಟ ರೀತಿ ನೋಡಿ ನಾನು ಕನ್ನಡದಲ್ಲೇ ಹೇಳಿದೆ, "ಉಣ್ಣಿ."

"ಇಂಥಾ ರಣಬಿಸಲಾಗ ಕಲ್ಲಿನ ಮ್ಯಾಲ ಉಣ್ಣಿ ಕುಂದರತಾವೇನ್ರಿ? ಅವೇನ್ ನಿಮ್ಮಂಗ ಪಗಾರಕ್ಕ ದುಡಿತಾವ? ನಾಳೆ ಹೊತ್ತೇರೂ ಮೊದಲ ಬರ್ರಿ."

ಮರುದಿನ ಎಮ್ಮೆಗಳು ನೀರಿಗಿಳಿಯುವ ದಾರಿಗೆ ಕರೆದೊಯ್ದಳು. ನೂರು ಹೆಜ್ಜೆ ಎಳೆಯುವುದರೊಳಗೆ ಬಟ್ಟೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಉಣ್ಣಿ. ನಮ್ಮ ಕಚೇರಿಯ ಸಾಹೇಬರು ಆ ವಾರವೇ ಅವಳನ್ನು ದಿನಗೂಲಿಗೆ ತೆಗೆದುಕೊಂಡರು.

ಹಾಲವ್ವ ಇಂಡಿ ಕಡೆಯವಳು. ಗಂಡ ಬಂಡೆಪ್ಪ ಮತ್ತು ತಂಗಿ ಸುಂದ್ರವ್ವ ಗುಡ್ಡದ ಬುಡದ ಖದಾನಿನಲ್ಲಿ, ಎಂದರೆ ಕಲ್ಲುಗಣಿಯಲ್ಲಿ, ಕಲ್ಲು ಒಡೆಯುತ್ತಿದ್ದರು. ಖದಾನಿನ ಅಂಚಿನಲ್ಲೇ ಅರವತ್ತು ಜೋಪಡಿಗಳು, ಅದರಲ್ಲೊಂದು ಇವರದು. ತಬೇಲಾ ಎನ್ನುವ ಹಾಲಿನವರ ಕೊಟ್ಟಿಗೆಯ ಎಮ್ಮೆಗಳಿಗೆ ಹುಲ್ಲು ಕೊಯ್ದು ಕೊಯ್ದು ಹಾಲವ್ವನಿಗೆ ಆ ಗುಡ್ಡ ತನ್ನ ಅಂಗೈಯಷ್ಟೇ ಪರಿಚಯವಾಗಿತ್ತು.

ಅಕ್ಷರ ಬರುತ್ತಿರಲಿಲ್ಲ. ಆದರೆ ಕೆರೆ ಯಾವುದು, ರೈಲು ಹಳಿ ಯಾವುದು ಎಂದು ಒಂದು ಸಲ ತೋರಿಸಿದ ಮೇಲೆ ನಕಾಶೆಯ ಉಳಿದ ಭಾಗವನ್ನು ತಾನೇ ಹಿಡಿದಳು. ನೆಲದ ಮೇಲೆ ಹಾಳೆ ಹಾಸಿದರೆ ಉಣ್ಣಿ ಇರುವ ಕಡೆಯೆಲ್ಲ ಒಂದೊಂದು ಹರಳು ಇಡುವಳು: ಪೊದೆಯ ನೆರಳು, ಜಿಂಕೆ ಮಲಗುವ ತಗ್ಗು, ತಬೇಲಾದ ಹಿಂದಿನ ಹುಲ್ಲು. ನಾವು ಹೋಗಿ ಬಟ್ಟೆ ಎಳೆದರೆ ಅವಳು ತಪ್ಪಿದ್ದು ಅಪರೂಪ. ಹಾಗೆ ನೋಡಿ ನೋಡಿ, ನಾವು ಕಾಲಿಡದ ಜಾಗಗಳಲ್ಲೂ ಎಂಥ ನೆಲದಲ್ಲಿ ಉಣ್ಣಿ ಇರಬಹುದೆಂದು ಸಾಹೇಬರು ಲೆಕ್ಕ ಹಾಕಿದರು. ಇದ್ದೇ ಇರುತ್ತದೆ ಎಂದರೆ ಕೆಂಪು, ಇರಬಹುದು ಎಂದರೆ ಹಳದಿ, ಇಲ್ಲವೆಂದರೆ ಬಿಳಿ. ಬಣ್ಣ ತುಂಬುವವನು ನಾನು.

ಒಂದು ಹರಳನ್ನು ಅವಳು ತನ್ನ ಜೋಪಡಿಗಳ ಮೇಲೂ ಇಟ್ಟಿದ್ದಳು. "ನಮ್ಮಲ್ಲಿ ನಾಯಿಗೋಳ ಮೈತುಂಬ ಅದಾವ. ಗ್ವಾಡಿಗೆ ಕಟ್ಟಿದ ಗೋಣಿ ಕೊಡವಿದ್ರ ಉದರತಾವ್ರಿ."

ಅವಳು ಹೋದ ಮೇಲೆ ಸಾಹೇಬರು ಹಾಳೆ ನೋಡಿದರು. ಅಲ್ಲಿ ಅಚ್ಚಾಗಿದ್ದದ್ದು ಕಲ್ಲುಗಣಿ, ಖಾಲಿ ನೆಲ ಎಂದು.

"ಬರೀ ಕಲ್ಲು. ಬಿಳಿ ಬಿಡು," ಎಂದರು.

"ಜನ ಇದ್ದಾರೆ ಸರ್."

"ಅನಧಿಕೃತ ಜೋಪಡಿಗಳನ್ನು ನಾವು ನಕಾಶೆಯಲ್ಲಿ ತೋರಿಸಿದರೆ ನಾಳೆ ಮೇಲಿನವರಿಗೆ ಉತ್ತರ ಕೊಡುವವರು ಯಾರು, ನೀನೋ?"

ನಾನು ಕಾರ್ಕಳದ ಹಳ್ಳಿಯಿಂದ ಬಂದು ಘಾಟ್ಕೋಪರಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದವನು, ರಾತ್ರಿಶಾಲೆಯಲ್ಲಿ ಓದಿ ಈ ಕುರ್ಚಿಗೆ ಬಂದವನು. ಅದನ್ನು ಕಳೆದುಕೊಳ್ಳುವ ಧೈರ್ಯವಿರಲಿಲ್ಲ. ಹರಳನ್ನು ತೆಗೆದು ಕಿಟಕಿಯಾಚೆ ಎಸೆದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಸುಂದ್ರವ್ವನಿಗೆ ಜ್ವರ ಬಂತು. ನಾಲ್ಕನೇ ದಿನ ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ. ಹಾಲವ್ವ ಅವಳನ್ನು ದವಾಖಾನೆಗೆ ಹೊತ್ತುಕೊಂಡು ಹೋಗಿ, ಇದು ಉಣ್ಣಿ ಜ್ವರ ಎಂದು ಡಾಕ್ಟರಿಗೆ ಹೇಳಿದಳಂತೆ. ಕೆಂಪು, ಹಳದಿ ಜಾಗಗಳಿಂದ ಬಂದ ಜ್ವರದವರಿಗೆ ಮಾತ್ರ ಉಣ್ಣಿ ಜ್ವರದ ಮಾತ್ರೆ ಕೊಡಿ ಎಂದು ನಮ್ಮ ಕಚೇರಿಯೇ ಅಲ್ಲಿಗೆ ನಕಾಶೆ ಕಳಿಸಿತ್ತು. ಡಾಕ್ಟರು ಗೋಡೆಗೆ ತೂಗುಹಾಕಿದ್ದ ಆ ನಕಾಶೆಯ ಕಡೆ ನೋಡಿದರು. ಖದಾನು ಬಿಳಿ. ಮಲೇರಿಯಾ ಮಾತ್ರೆ ಕೊಟ್ಟು ಕಳಿಸಿದರು. ಒಂಬತ್ತನೇ ದಿನ ಸುಂದ್ರವ್ವ ಸತ್ತಳು.

ಮಣ್ಣು ಮಾಡಿದ ಮರುದಿನ ಹಾಲವ್ವ ಕಚೇರಿಗೆ ಬಂದಳು. ನೇರ ನನ್ನ ಮೇಜಿಗೆ.

"ಕೊರಗಪ್ಪಣ್ಣ, ಈ ಹಾಳ್ಯಾಗ ನಮ್ಮನಿ ತೋರಸ್ರಿ."

ತೋರಿಸಿದೆ.

"ಇಲ್ಲಿ ನಾ ಒಂದ್ ಹರಳ ಇಟ್ಟಿದ್ದೆ."

"ಹೌದಕ್ಕ."

"ಯಾರ್ ತಗದ್ರು?"

"ನಾನೇ."

ಅವಳು ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಸಾಹೇಬರ ಕೋಣೆಯ ಬಾಗಿಲು ನೂಕಿ ಒಳಗೆ ಹೋದಳು. ಕನ್ನಡ ಬಾರದ ಸಾಹೇಬರು ನನ್ನನ್ನು ಕರೆದರು. ಅವಳು ಒಂದೇ ಉಸಿರಿಗೆ ಹೇಳಿದಳು: ಉಣ್ಣಿ ಎಲ್ಲಿ ಅದಾವ ಅಂತ ನನ್ನ ಬಾಯಿಲೆ ಕೇಳಿ ಬರಕೊಂಡ್ರಿ, ನಾ ಎಲ್ಲಿರ್ತೀನಿ ಅಂತ ಬರಕೊಳ್ಳಾಕ ನಿಮ್ಮ ಕೈ ಮರಗಟ್ಟಿತು, ಸುಂದ್ರವ್ವಗ ಕಚ್ಚಿದ್ದು ಪರ್ಮಿಶನ್ ತಗೊಂಡು ಬಂದ ಉಣ್ಣೇನು?

"ತಂಗಿ ತೀರಿಕೊಂಡಿದ್ದಾಳೆ, ದುಃಖದಲ್ಲಿದ್ದಾಳೆ ಸರ್," ಎಂದು ನಾನು ಹಿಂದಿಯಲ್ಲಿ ಹೇಳಿದೆ.

ಹಾಲವ್ವ ನನ್ನ ಕಡೆ ತಿರುಗಿದಳು. "ನಾ ಇಷ್ಟುದ್ದ ಹೇಳೀನಿ. ನೀವು ಇಷ್ಟ ಗಿಡ್ಡ ಮಾಡಿದ್ರಿ."

ನಾಚಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬಂತು, ಸಾಹೇಬರ ಮೇಲೆ, ನನ್ನ ನಾಲಿಗೆಯ ಮೇಲೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಮತ್ತೊಮ್ಮೆ ಹೇಳಿದೆ. ಸಾಹೇಬರು ಕನ್ನಡಕ ತೆಗೆದಿಟ್ಟರು. "ಆ ಜಾಗದಲ್ಲಿ ಉಣ್ಣಿ ಇದೆ ಎನ್ನಲು ನಮ್ಮ ಬಳಿ ಪುರಾವೆ ಇಲ್ಲ," ಎಂದರು.

ಪುರಾವೆ ಎಂಬ ಮಾತು ಅವಳಿಗೆ ಅರ್ಥವಾಯಿತು. ಹೋಗುವಾಗ ಮೂಲೆಯಲ್ಲಿದ್ದ ಬಿಳಿ ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಯಾರೂ ತಡೆಯಲಿಲ್ಲ.

ಮರುದಿನ ಬೆಳಗ್ಗೆ ನಾನು ಕಚೇರಿಗೆ ಹೋಗದೆ ಖದಾನಿಗೆ ಹೋದೆ. ಹಾಲವ್ವ ಮತ್ತು ಇನ್ನಿಬ್ಬರು ಹೆಂಗಸರು ಜೋಪಡಿಗಳ ಹಿಂದಿನ ಹುಲ್ಲಿನಲ್ಲಿ ಬಟ್ಟೆ ಎಳೆಯುತ್ತಿದ್ದರು. ಆಮೇಲೆ ಗೋಡೆಯ ಗೋಣಿಗಳನ್ನು ಬಿಚ್ಚಿ ಅದರ ಮೇಲೆ ಕೊಡವಿದರು. ನಾನು ಸಹಾಯಕ್ಕೆ ಕೈ ಹಾಕಿದೆ. ಅವಳು ನನ್ನತ್ತ ನೋಡದೆ ಮುಂದಿನ ಗೋಣಿ ಬಿಚ್ಚಿದಳು.

ಬಂಡೆಪ್ಪನಿಗೆ ಆಗಲೇ ಮೂರು ದಿನದಿಂದ ಜ್ವರ. ಅವನನ್ನು ಕೈಗಾಡಿಯಲ್ಲಿ ಮಲಗಿಸಿ ಹೆಂಗಸರೆಲ್ಲ ದವಾಖಾನೆಗೆ ನಡೆದರು. ಹಾಲವ್ವ ಡಾಕ್ಟರ ಮೇಜಿನ ಮೇಲೆ, ಅವರ ಚಹಾದ ಪಕ್ಕದಲ್ಲೇ, ಬಟ್ಟೆ ಬಿಚ್ಚಿ ಹರಡಿದಳು. ಉಣ್ಣಿಗಳು ನಾಲ್ಕೂ ಕಡೆ ಹರಿದವು. ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಬಿಳೀ ಜಾಗದ್ದು," ಎಂದಳು. "ಎಣಿಸ್ರಿ."

ಎಣಿಸಲಿಲ್ಲ. ಕೈ ಒದರುತ್ತ ಕಪಾಟು ತೆಗೆಸಿದರು. ಅಂದು ಬಂಡೆಪ್ಪನಿಗೂ ಜೋಪಡಿಗಳಲ್ಲಿ ಜ್ವರ ಬಂದಿದ್ದ ಇನ್ನೂ ನಾಲ್ವರಿಗೂ ಉಣ್ಣಿ ಜ್ವರದ ಮಾತ್ರೆ ಸಿಕ್ಕಿತು. ಐವರೂ ಉಳಿದರು. ಅದೇ ಮಾತ್ರೆ ಸುಂದ್ರವ್ವ ಬಂದ ದಿನವೂ ಅದೇ ಕಪಾಟಿನಲ್ಲಿತ್ತು.

ಕಚೇರಿಯ ಬಟ್ಟೆ ಕದ್ದಳೆಂದು ಹಾಲವ್ವನ ಕೆಲಸ ಹೋಯಿತು. ನನಗೆ ನೋಟೀಸು ಬಂತು. ಉತ್ತರದಲ್ಲಿ ನಡೆದದ್ದನ್ನೆಲ್ಲ ಬರೆದು, ಡಾಕ್ಟರ ಸಹಿ ಹಾಕಿಸಿ, ಸಾಹೇಬರ ಮೇಲಿನವರಿಗೂ ಒಂದು ಪ್ರತಿ ಕಳಿಸಿದೆ. ೧೯೭೩ರಲ್ಲಿ ಹೊಸ ನಕಾಶೆ ಬಂತು. ಖದಾನು ಕೆಂಪಾಗಿತ್ತು. ಕೆಳಗೆ ಸಾಹೇಬರ ಹೆಸರಿತ್ತು.

ಬೊರಿವಲಿ ಕಡೆಯ ಕೆಲಸಕ್ಕೆ ಮತ್ತೆ ಅವಳೇ ಬೇಕೆಂದು ನನ್ನನ್ನು ಕಳಿಸಿದರು. ಗುಡ್ಡದ ಮೇಲೆ ಕುಡುಗೋಲು ಆಡಿಸುತ್ತಿದ್ದಳು. ವಿಷಯ ಹೇಳಿದೆ.

"ಅಲ್ಲೂ ಜೋಪಡಿ ಅದಾವೇನು?"

"ಇವೆ ಅಕ್ಕ."

"ಹಂಗಾದ್ರ ಮೊದಲ ಅವರನ್ನ ಬರಕೋರಿ. ಉಣ್ಣಿ ಆಮ್ಯಾಲ. ಬರಕೊಂಡಿದ್ದು ಕಣ್ಣಿಲೆ ನೋಡಿದ ಮ್ಯಾಲ ನಾ ಬರ್ತೀನಿ."

ಇದನ್ನು ಸಾಹೇಬರಿಗೆ ಪೂರ್ತಿ ಹೇಳಿದೆ. ಅವರು ಒಪ್ಪಲಿಲ್ಲ. ಅವಳೂ ಬರಲಿಲ್ಲ. ಬೊರಿವಲಿಯ ಹಾಳೆಯನ್ನು ನಾವು ಅವಳಿಲ್ಲದೆ ಮಾಡಿದೆವು. ಅಲ್ಲಿನ ಜೋಪಡಿಗಳನ್ನು ನಾನು ಪೆನ್ಸಿಲಿನಲ್ಲಿ ಗುರುತಿಸುತ್ತಿದ್ದೆ, ಅವರು ಅಳಿಸುತ್ತಿದ್ದರು, ನಾನು ಮತ್ತೆ ಗುರುತಿಸುತ್ತಿದ್ದೆ. ಕೊನೆಗೆ ಮಸಿಯಲ್ಲೇ ಬರೆದುಬಿಟ್ಟೆ.